ಕೆಂಪು ಬೆಳಕಿಗೆ ಜಗ್ಗದ ಹಾಳೆ

ಒಂದೊಂದು ಫೋಟಾನಿನ, ಅಂದರೆ ಬೆಳಕಿನ ಕಣದ, ಶಕ್ತಿ ಎಷ್ಟು ಮುಖ್ಯ ಅಂತ ಕಣ್ಣಾರೆ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಪ್ರಯೋಗ ಇದು. ಕತ್ತಲಲ್ಲಿ ಹಸಿರಾಗಿ ಹೊಳೆಯುವ ಸ್ಟಿಕ್ಕರ್ ಹಾಳೆ, ಕೆಂಪು ಮತ್ತು ನೀಲಿ ಎಲ್‌ಇಡಿ, ಚೆನ್ನಾಗಿ ಕತ್ತಲಾಗುವ ಕೋಣೆ. ಸಾಮಾನು ಇಷ್ಟೇ.

ಹಾಳೆಯನ್ನು ರಾತ್ರಿಯೆಲ್ಲ ಡಬ್ಬಿಯೊಳಗೆ ಮುಚ್ಚಿಟ್ಟೆ, ಹಳೆಯ ಹೊಳಪು ಪೂರ್ತಿ ಇಳಿಯಲಿ ಅಂತ. ಆಮೇಲೆ ಕತ್ತಲಲ್ಲೇ ಹೊರಗೆ ತೆಗೆದು ಕೆಂಪು ಎಲ್‌ಇಡಿಯನ್ನು ಅದಕ್ಕೆ ತಾಗಿಸಿ ಹಿಡಿದೆ. ಆರಿಸಿ ನೋಡಿದೆ. ಏನೂ ಇಲ್ಲ. ಇನ್ನಷ್ಟು ಕೆಂಪು ಎಲ್‌ಇಡಿ ಸೇರಿಸಿದೆ, ತುಂಬಾ ಹೊತ್ತು ಹಿಡಿದೆ. ಆಗಲೂ ಹಾಳೆ ಕಪ್ಪಗೇ ಇತ್ತು. ಕೊನೆಗೆ ಒಂದೇ ಒಂದು ನೀಲಿ ಎಲ್‌ಇಡಿಯನ್ನು ಸುಮ್ನೆ ಹಾಗೆ ತಾಗಿಸಿ ತೆಗೆದೆ. ಆ ಜಾಗದಲ್ಲಿ ಹಸಿರು ಬೊಟ್ಟು, ಅಂಚು ಮಸುಕು, ನಡುವೆ ಪ್ರಖರ!

ಲೆಕ್ಕ ಸುಲಭ. 1240 ಅನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿ. ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್ ಅನ್ನುವ ಪುಟ್ಟ ಅಳತೆಯಲ್ಲಿ ಸಿಗುತ್ತದೆ. ಕೆಂಪು 630 ಅಂದರೆ 1.97. ನೀಲಿ 470 ಅಂದರೆ 2.64. ಹಾಳೆ ಸೂಸುವ ಹಸಿರು ಸುಮಾರು 520, ಅಂದರೆ 2.38. ಕೆಂಪು ಫೋಟಾನಿನ ಹತ್ತಿರ ಅಷ್ಟು ಶಕ್ತಿಯೇ ಇಲ್ಲ.

1 ವ್ಯಾಟ್ ಕೆಂಪು ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 30 ಸಾವಿರ ಕೋಟಿ ಕೋಟಿ ಫೋಟಾನ್ ಹೊರಡುತ್ತವೆ. ಅವುಗಳಲ್ಲಿ ಎರಡು ಸೇರಿ ಒಂದು ನೀಲಿಯ ಕೆಲಸ ಮಾಡಬಹುದಲ್ವಾ? ಎಲ್‌ಇಡಿ ಬೆಳಕಿನಲ್ಲಿ ಅದು ನಡೆಯುವುದಿಲ್ಲ. ಒಂದು ಎಲೆಕ್ಟ್ರಾನ್ ಒಂದು ಸಲಕ್ಕೆ ಒಂದೇ ಫೋಟಾನನ್ನು ಹೀರುತ್ತದೆ, 1905ರಲ್ಲಿ ಐನ್‌ಸ್ಟೈನ್ ಹೇಳಿದ್ದೂ ಇದನ್ನೇ. ಎಷ್ಟು ಸಲ ಮಾಡಿ ತೋರಿಸಿದರೂ ನನಗೆ ಈ ಜಾಗದಲ್ಲಿ ರೋಮಾಂಚನವಾಗುತ್ತದೆ.

ಇನ್ನು, ದೀಪ ಆರಿದ ಮೇಲೂ ಹಾಳೆ ಹೊಳೆಯುವುದು ಯಾಕೆ? ಈಗಿನ ಒಳ್ಳೆಯ ಹಾಳೆಗಳಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಅನ್ನುವ ಹರಳಿನ ಪುಡಿ ಇರುತ್ತದೆ, ಅದರಲ್ಲಿ ಚೂರು ಯುರೋಪಿಯಂ ಅನ್ನುವ ಲೋಹ. ನೀಲಿ ಫೋಟಾನ್ ಯುರೋಪಿಯಂನ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಎತ್ತುತ್ತದೆ. ಅಂಥ ಕೆಲವು ಎಲೆಕ್ಟ್ರಾನ್‌ಗಳು ತಕ್ಷಣ ಇಳಿಯದೆ ಹರಳಿನ ಕುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸುತ್ತಲಿನ ಶಾಖ ಅವನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಡಿಸಿಕೊಂಡ ಎಲೆಕ್ಟ್ರಾನ್ ಯುರೋಪಿಯಂಗೆ ಮರಳಿ ಕೆಳಗಿಳಿಯುವಾಗ ಹಸಿರು ಫೋಟಾನ್ ಹೊರಬರುತ್ತದೆ.

ಶಾಖದ ಪಾತ್ರ ಪರೀಕ್ಷಿಸಲು ಹಾಳೆಯನ್ನು ಎರಡು ತುಂಡು ಮಾಡಿ, ಎರಡಕ್ಕೂ ಒಂದೇ ಸಮ ನೀಲಿ ಬೆಳಕು ಕೊಟ್ಟೆ. ಒಂದನ್ನು ಫ್ರೀಜರಿನಲ್ಲಿಟ್ಟೆ, ಇನ್ನೊಂದನ್ನು ಹೊರಗೆ ಕತ್ತಲಲ್ಲಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಹೊರಗಿನದು ಬಹಳ ಮಂಕಾಗಿತ್ತು. ಫ್ರೀಜರಿನದೂ ತೆಗೆದಾಗ ಮಂಕೇ. ಆದರೆ ಅಂಗೈಯಲ್ಲಿ ಬೆಚ್ಚಗಾಗುತ್ತಿದ್ದಂತೆ ಅದು ಹೊರಗಿನ ತುಂಡನ್ನೂ ಮೀರಿ ಬೆಳಗಿತು. ಎಲೆಕ್ಟ್ರಾನ್‌ಗಳು ಅಷ್ಟು ಹೊತ್ತೂ ಕುಳಿಯಲ್ಲೇ ಕೂತಿದ್ದವು.

ಎಲ್‌ಇಡಿ ಸಿಗದಿದ್ದರೆ ಬಿಳಿ ಟಾರ್ಚ್ ಸಾಕು. ಅದರ ಬಿಳಿ ಬೆಳಕಿನಲ್ಲಿ 450 ನ್ಯಾನೋಮೀಟರ್ ಆಸುಪಾಸಿನ ನೀಲಿ ಇದ್ದೇ ಇರುತ್ತದೆ. ಟಾರ್ಚಿನ ಬಾಯಿಗೆ ಗಾಢ ಕೆಂಪು ಗಾಜುಕಾಗದವನ್ನು ಎರಡು ಮೂರು ಪದರ ಸುತ್ತಿ, ಸುತ್ತದೆಯೂ ಒಮ್ಮೆ ಮಾಡಿ ನೋಡಿ.