ಝೆನ್‌ಗೆ ಎಸ್ಟೀಮ್ ಎಂಜಿನ್ ಕೂರಿಸಿದ್ದು

ನನ್ನದು ಕಾರ್ಬುರೇಟರ್ ಕಾಲದ ಮಾರುತಿ ಝೆನ್, 993 ಸಿಸಿ. ಶಿರಸಿ ಪೇಟೆಯೊಳಗೆ ಓಡಾಡೋದಕ್ಕೆ ಸಾಕು. ಆದರೆ ಕುಮಟಾದಿಂದ ನಾಲ್ಕು ಜನ ಕೂತು, ಎಸಿ ಹಾಕಿ ದೇವಿಮನೆ ಘಟ್ಟ ಹತ್ತಿದರೆ ಎರಡನೇ ಗೇರಿಗೇ ಏದುಸಿರು. ಎಂಜಿನ್ ಆಯಿಲ್ ಕುಡಿಯಲು ಶುರು ಮಾಡಿದಾಗ, ಅದರ ಸಿಲಿಂಡರನ್ನೇ ಕೊರೆಸಿ ಬೋರ್ ಮಾಡಿಸುವ ಬದಲು ಮಾರುತಿಯದೇ ಎಸ್ಟೀಮ್ ಕಾರಿನ 1298 ಸಿಸಿ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಹಾಕಲು ಹೊರಟೆ. ಹದಿನಾರು ವಾಲ್ವ್, 85 ಬಿಎಚ್‌ಪಿ. ಎರಡೂ ಸುಜುಕಿಯ ಜಿ ಸರಣಿಯವೇ. ಡೀಸೆಲ್ ಹಾಕಿ ಅಂದವರೂ ಇದ್ದರು. ಅದರ ಭಾರಕ್ಕೆ ಮುಂದಿನ ಸ್ಪ್ರಿಂಗೂ ಬದಲಿಸಬೇಕು, ಯಾರಿಗೆ ಬೇಕು ಆ ರಗಳೆ!

ಗುಜರಿಗೆ ಹೋಗಿದ್ದ ಎಸ್ಟೀಮ್‌ನಿಂದ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್ ಎಲ್ಲ ಒಟ್ಟಿಗೇ ತಂದೆ. ವೈರಿಂಗ್ ಕತ್ತರಿಸಿ ಕೊಡ್ತೇನೆ ಅಂದರೆ ಅಂಥ ಎಂಜಿನ್ ತರಲೇಬೇಡಿ. ಹೊರಗಿದ್ದಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ಆಯಿಲ್ ಸೀಲ್ ಹೊಸದು ಹಾಕಿಸಿದೆ.

ಚೈನ್ ಪುಲ್ಲಿಯಲ್ಲಿ ಇಳಿಸಿದ್ದು ಬೇಗ ಮುಗಿಯಿತು. "ಎಂಜಿನ್ ಕೂತ್ರೆ ಆಯ್ತಲ್ಲ?" ಅಂದೆ. "ಆಕ್ಸಲ್ ಕೂರ್ಲಿ ಮೊದ್ಲು, ಮಾರಾಯ್ರೆ" ಅಂದರು ಮೇಸ್ತ್ರಿ. ಅವರು ಹೇಳಿದ್ದೇ ಸರಿ. ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎಲ್ಲ ಒಂದೇ ಗಂಟು. ಆ ಗಂಟನ್ನು ಹಿಡಿಯುವ ಮೌಂಟಿಂಗ್ ಸ್ವಲ್ಪ ಆಚೀಚೆ ಆದರೂ ಆಕ್ಸಲ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ದಂಡ, ಓರೆಯಾಗುತ್ತದೆ. ಒಳಗಿನ ಜಾಯಿಂಟ್ ಗೇರ್‌ಬಾಕ್ಸಿಗೆ ಹೊಂದಬೇಕು, ಹೊರಗಿನದು ಚಕ್ರದ ಹಬ್ಬಿಗೆ. ಆಕ್ಸಲ್ ತುದಿಯ ಸ್ಪ್ಲೈನಿನ ಹಲ್ಲು ಎಣಿಸಿಯೇ ಜೋಡಿಸಿದೆವು. ಉದ್ದವನ್ನು ಮೂರು ಸ್ಥಿತಿಯಲ್ಲಿ ನೋಡಿದೆವು: ಕಾರು ನೆಲದ ಮೇಲೆ ನಿಂತಾಗ, ಜ್ಯಾಕ್ ಹಾಕಿ ಚಕ್ರ ಜೋತುಬಿದ್ದಾಗ, ಮತ್ತೆ ಸಸ್ಪೆನ್ಶನ್ ಪೂರ್ತಿ ಒತ್ತಿದಾಗ. ಜೋತುಬಿದ್ದಾಗ ಜಾಯಿಂಟ್ ಕಳಚಬಾರದು, ಒತ್ತಿದಾಗ ತಳಕ್ಕೆ ಗುದ್ದಬಾರದು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಬೇಕು. ಇದೆಲ್ಲ ಸರಿಯಾದ ಮೇಲೇ ಗೇರ್‌ಬಾಕ್ಸ್ ಕಡೆಯ ಬ್ರಾಕೆಟ್ ವೆಲ್ಡ್ ಮಾಡಿಸಿದ್ದು.

ಪೆಟ್ರೋಲ್ ವಿಷಯಕ್ಕೆ ಬಂದರೆ, ಕಾರ್ಬುರೇಟರಿನ ಪಂಪ್ ಇಲ್ಲಿ ಕೆಲಸಕ್ಕೆ ಬಾರದು. ಇಂಜೆಕ್ಟರಿಗೆ ಮೂರು ಬಾರ್ ಹತ್ತಿರ ಒತ್ತಡ ಬೇಕು. ಟ್ಯಾಂಕಿನೊಳಗೇ ಪಂಪ್ ಇರುವ ಎಂಪಿಎಫ್‌ಐ ಝೆನ್‌ನ ಟ್ಯಾಂಕ್ ಹಾಕಿ, ಹಳೆಯ ರಬ್ಬರ್ ಪೈಪ್ ಎಲ್ಲ ಕಿತ್ತೆಸೆದೆವು. ರೇಡಿಯೇಟರೂ ದೊಡ್ಡದು. ಅರ್ಥಿಂಗ್ ಜಾಗಗಳನ್ನು ಉಜ್ಜಿ ಗ್ರೀಸ್ ಹಚ್ಚಿದೆವು. ಕರಾವಳಿಗೆ ಹೋಗಿಬರುವ ಗಾಡಿಗೆ ಉಪ್ಪುಗಾಳಿಯ ತುಕ್ಕು ತಪ್ಪಿದ್ದಲ್ಲ. ಅರ್ಥ್ ಸಡಿಲಾದರೆ ಇಸಿಎಂ ಸುಮ್ನೆ ಹುಚ್ಚುಹುಚ್ಚಾಗಿ ಆಡುತ್ತದೆ.

ಈಗ ದೇವಿಮನೆ ಮೂರನೇ ಗೇರಿನಲ್ಲಿ ಹತ್ತುತ್ತದೆ. ಒದ್ದೆ ರಸ್ತೆಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗ್ ಒಂದು ಕಡೆ ಎಳೆಯುತ್ತದೆ. ಎಡ ಬಲ ಆಕ್ಸಲ್ ಉದ್ದ ಬೇರೆ ಬೇರೆ ಇರುವುದರಿಂದ ಅದು ಇದ್ದದ್ದೇ. ಬ್ರೇಕ್ ಪ್ಯಾಡ್ ಮಾತ್ರ ಜಾಸ್ತಿ ಸವೆಯುತ್ತಿದೆ.

ಆರ್‌ಟಿಒ ಅನುಮತಿ ಕೆಲಸಕ್ಕೆ ಮೊದಲೇ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಹಳೆ ಎಂಜಿನ್ ಯಾರಿಂದ ಕೊಂಡಿರಿ ಅನ್ನುವುದರ ಬಿಲ್ಲು ಇಟ್ಟುಕೊಳ್ಳಿ. ಅನುಮತಿ ಸಿಕ್ಕಿ ಆರ್‌ಸಿಯಲ್ಲಿ ಎಂಜಿನ್ ನಂಬರ್, ಸಿಸಿ ಬದಲಾದರೆ ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.