ರಿದಮ್ ಗೇಮ್ ಲೆವೆಲ್‌ಗೆ ಹೊಸಬರು ಫೀಡ್‌ಬ್ಯಾಕ್ ಕೊಡೋದು ಹೀಗೆ
ರಿದಮ್ ಗೇಮ್ ಅಂದ್ರೆ ಹಾಡಿನ ತಾಳಕ್ಕೆ ಸರಿಯಾಗಿ ಬಟನ್ ಒತ್ತೋ ಆಟ. ಅದ್ರಲ್ಲಿ ಬೇರೆಯವ್ರು ಮಾಡಿರೋ ಲೆವೆಲ್‌ಗೆ ಬರೀ "ಕಷ್ಟ ಆಯ್ತು" ಅಂತ ಹಾಕ್ಬೇಡಿ, ಎಷ್ಟನೇ ಸೆಕೆಂಡು, ಅಲ್ಲಿ ಕಿವಿಗೆ ಏನ್ ಕೇಳಿಸ್ತು, ಕೈ ಏನ್ ಮಾಡ್ಬೇಕಾಯ್ತು, ಇಷ್ಟು ಬರೀರಿ: "0:42, ಡ್ರಮ್ ನಿಂತೋಯ್ತು ಆದ್ರೂ ನೋಟ್ಸ್ ಹಂಗೇ ಬರ್ತಿತ್ತು, ಯಾವ ಸೌಂಡಿಗೆ ಒತ್ತೋದು ಗೊತ್ತಾಗ್ಲಿಲ್ಲ" (ನೋಟ್ ಅಂದ್ರೆ ಈಗ ಒತ್ತಿ ಅಂತ ಸ್ಕ್ರೀನ್ ಮೇಲೆ ಬರೋ ಗುರುತು). ಮಾಡಿದವ್ರು ಆ ಹಾಡನ್ನ ಅದೆಷ್ಟು ಸಲ ಕೇಳಿರ್ತಾರೋ, ಮೊದಲ್ನೇ ಸಲ ಆಡೋರಿಗೆ ಎಲ್ಲಿ ಗೊಂದಲ ಆಗುತ್ತೆ ಅನ್ನೋದು ಅವ್ರಿಗೆ ಕಾಣ್ಸಲ್ಲ, ನಿಮಗೆ ಕಾಣುತ್ತೆ, ಹಂಗಾಗಿ ಹೊಸಬ್ರು ಅಂತ ಹಿಂಜರೀಬೇಡಿ. ಓಸು (osu!) ಅನ್ನೋ ರಿದಮ್ ಗೇಮ್‌ನ ಲೆವೆಲ್ ಎಡಿಟರ್‌ನಲ್ಲಿ ನೋಟ್ ಸೆಲೆಕ್ಟ್ ಮಾಡಿ ಕಂಟ್ರೋಲ್ ಸಿ ಒತ್ತಿದ್ರೆ ಟೈಮ್‌ಸ್ಟ್ಯಾಂಪೇ, ಅಂದ್ರೆ ಆ ನೋಟ್ ಬರೋ ಸಮಯವೇ, ಕಾಪಿ ಆಗುತ್ತೆ. ಲೆವೆಲ್ ನಿಮ್ ಕೈಗೆ ಮೀರಿದ್ದಾದ್ರೆ ಮಾತ್ರ ಇದು ನಡೆಯಲ್ಲ, ತಪ್ಪು ಲೆವೆಲ್‌ದೋ ಕೈದೋ ಗೊತ್ತಾಗಲ್ಲ. ಇನ್ನು ಶುರುವಿಂದ ಕೊನೆವರೆಗೂ ಎಲ್ಲಾ ಒಂದೇ ಥರ ಲೇಟ್ ಅನ್ಸಿದ್ರೆ ಆ ತಡ ಬ್ಲೂಟೂತ್‌ದೇ ಇರ್ಬಹುದು, ಮೊದ್ಲು ಬ್ಲೂಟೂತ್ ಹೆಡ್‌ಫೋನ್ ತೆಗೆದು ವೈರ್ ಇರೋದು ಹಾಕಿ ಆಡಿ ನೋಡಿ.