ಮರುಭೂಮಿ ಟೂರಿನಲ್ಲಿ ಮಳೆ ಸಿಕ್ಕರೆ ಏನು ಮಾಡಬೇಕು?

ಕ್ರಿಸ್‌ಮಸ್ ರಜೆ ಹತ್ತಿರ ಬಂತೆಂದರೆ ಮುಂಬೈ ಕಡೆಯ ಡೊಂಬಿವಲಿ, ಮುಲುಂಡ್, ಮಾಟುಂಗಾದ ನಮ್ಮ ಕನ್ನಡ ಬಳಗಗಳಲ್ಲಿ ರಾಜಸ್ಥಾನದ ಜೈಸಲ್ಮೇರ್ ಟೂರಿನ ಮಾತು ಶುರುವಾಗುತ್ತದೆ. ಬ್ಯಾಗಿಗೆ ಟೋಪಿ, ಕಪ್ಪು ಕನ್ನಡಕ, ಅವಲಕ್ಕಿ ಚೂಡಾ ಎಲ್ಲಾ ಸೇರುತ್ತವೆ. ರೇನ್‌ಕೋಟ್ ಮಾತ್ರ ಮನೆಯಲ್ಲೇ ಉಳಿಯುತ್ತದೆ. ಜೈಸಲ್ಮೇರ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 200 ಮಿ.ಮೀ. ಮಳೆ. 2005ರ ಜುಲೈ 26ರಂದು ನಮ್ಮ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲೇ 944 ಮಿ.ಮೀ. ಸುರಿದಿತ್ತು! ಆದರೂ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡಗಳು ಒಮ್ಮೊಮ್ಮೆ ಜೈಸಲ್ಮೇರ್ ಕಡೆ ಮಳೆ ಸುರಿಸುತ್ತವೆ. ಅಲ್ಲಿನವರು ಅದನ್ನು ಮಾವಠ್ ಅನ್ನುತ್ತಾರೆ. ಗೋಧಿ, ಕಡಲೆ ಬೆಳೆದವರಿಗೆ ಖುಷಿ. ಟೂರಿಗೆ ಹೋದವರಿಗೆ ಪೇಚಾಟ.

ಬುಕಿಂಗ್ ಮಾಡುವಾಗ

ಸಮ್ ಮರಳುದಿಬ್ಬಗಳ ಭೇಟಿಯನ್ನು ಕೊನೆಯ ಸಂಜೆಗೆ ಇಡಬೇಡಿ. ಮೊದಲ ಸಂಜೆಗೇ ಇಡಿ. ಅವತ್ತು ಮಳೆ ಬಂದರೆ ಮರುದಿನ ಇನ್ನೊಂದು ಅವಕಾಶ ಇರುತ್ತದೆ. ಜೈಸಲ್ಮೇರ್‌ನಿಂದ ಸಮ್ ಸುಮಾರು 40 ಕಿ.ಮೀ., ಹೋಗಿಬರುವುದು ಕಷ್ಟವಲ್ಲ. ಮಳೆ ಬಂದರೆ ದಿನ ಬದಲಿಸಲು ಆಗುತ್ತದಾ, ಒಂಟೆ, ಜೀಪಿನ ಹಣ ವಾಪಸ್ ಸಿಗುತ್ತದಾ ಎಂದು ಮೊದಲೇ ಕೇಳಿ. ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ‘ಹೋ ಜಾಯೇಗಾ ಸಾಬ್’ ಅಂದದ್ದು ಲೆಕ್ಕಕ್ಕಿಲ್ಲ.

ಮೋಡ ಕವಿದ ಬೆಳಿಗ್ಗೆ

ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ತಯಾರಿಸಿದ ‘ದಾಮಿನಿ’ ಆ್ಯಪ್ ಹತ್ತಿರದಲ್ಲಿ ಸಿಡಿಲಿನ ಅಪಾಯ ಇದೆಯಾ ಎಂದು ತೋರಿಸುತ್ತದೆ. ಅದನ್ನು ಹೊರಡುವ ಮೊದಲೇ ಹಾಕಿಕೊಳ್ಳಿ. ಮಳೆ ಹನಿಯುತ್ತಿದ್ದರೆ ಟೂರ್ ರದ್ದು ಮಾಡಬೇಕಿಲ್ಲ, ಕ್ರಮ ತಿರುಗಿಸಿದರೆ ಸಾಕು. ಮೊದಲು ಊರೊಳಗೆ ಪಟವೋಂಕಿ ಹವೇಲಿ, ಆಮೇಲೆ ಕೋಟೆ. 1156ರಲ್ಲಿ ಕಟ್ಟಿಸಿದ ಆ ಕೋಟೆಯೊಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಹಳದಿ ಕಲ್ಲು ನೆನೆದಾಗ ಬಣ್ಣ ಗಾಢವಾಗುತ್ತದೆ, ನೋಡಲು ಚೆಂದ. ಓಣಿಯ ಚಪ್ಪಡಿ ಮಾತ್ರ ಜಾರುತ್ತದೆ. ಅಜ್ಜ ಅಜ್ಜಿಯರಿಗೆ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ.

ಮಳೆ ಜೋರಾಗಿದ್ದರೆ ಗೈಡ್‌ಗೆ ‘ಖಡೀನ್ ತೋರಿಸಿ’ ಅನ್ನಿ. ಇಳಿಜಾರಿನ ಕೆಳಗೆ ಉದ್ದಕ್ಕೆ ಒಡ್ಡು ಹಾಕಿ, ಹರಿದು ಬರುವ ನೀರನ್ನು ಹೊಲದಲ್ಲೇ ನಿಲ್ಲಿಸುವ ವ್ಯವಸ್ಥೆ ಅದು. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಪಾಳುಬಿದ್ದ ಕುಲಧರಾ ಹಳ್ಳಿಯಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಇದರಲ್ಲಿ ಪಳಗಿದವರು. ಪ್ಯಾಕೇಜುಗಳು ಕುಲಧರಾದ ದೆವ್ವದ ಕಥೆಯನ್ನೇ ಮಾರುತ್ತವೆ. ನನಗೆ ಕೇಳಿದರೆ ಒಡ್ಡಿನ ಕಥೆಯೇ ಹೆಚ್ಚು ರುಚಿ.

ದಿಬ್ಬಕ್ಕೆ ಹೋಗುವುದು ಯಾವಾಗ?

ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ. ಬೋಳು ದಿಬ್ಬದ ತುದಿಯಲ್ಲಿ ಸುತ್ತಮುತ್ತ ಎಲ್ಲರಿಗಿಂತ ಎತ್ತರ ನೀವೇ. ತೆರೆದ ಜಿಪ್ಸಿ, ಬಟ್ಟೆ ಟೆಂಟ್ ಎರಡೂ ಸಿಡಿಲು ತಡೆಯುವುದಿಲ್ಲ. ಗಾಜು ಏರಿಸಿದ ಕಾರಿನಲ್ಲಿ ಕೂರಿ.

ಒದ್ದೆ ಮರಳು ಗಟ್ಟಿಯಾಗಿರುತ್ತದೆ, ನಡೆಯಲು ಸುಲಭ. ಅಪಾಯ ಇರುವುದು ದಿಬ್ಬಗಳ ನಡುವಿನ ಜೇಡಿಮಣ್ಣಿನ ಬಯಲಿನಲ್ಲಿ. ಒಂಟೆಯ ಅಗಲ ಪಾದ ಮರಳಿಗೆ ಹೇಳಿಮಾಡಿಸಿದ್ದು, ಕೆಸರಿನಲ್ಲಿ ಅದು ಜಾರುತ್ತದೆ. ಒಂಟೆಯವನು ‘ಬೇಡ’ ಅಂದರೆ ಜಾಸ್ತಿ ದುಡ್ಡಿನ ಆಸೆ ತೋರಿಸಬೇಡಿ. ನೀರು ನಿಂತ ತಗ್ಗಿಗೆ ಜೀಪ್ ಇಳಿಸಲು ಹೇಳಲೇಬೇಡಿ. ಮರಳುಗಾಡಲ್ವಾ, ನೀರು ಇಂಗಿಹೋಗುತ್ತದೆ ಎಂಬ ಲೆಕ್ಕ ಎಲ್ಲಾ ಕಡೆ ನಡೆಯುವುದಿಲ್ಲ. 2006ರ ಆಗಸ್ಟ್‌ನಲ್ಲಿ ಪಕ್ಕದ ಬಾಡಮೇರ್ ಜಿಲ್ಲೆಯ ಕವಾಸ್ ಹಳ್ಳಿ ಮುಳುಗಿದಾಗ ನೀರು ವಾರಗಟ್ಟಲೆ ನಿಂತಿತ್ತು. ಮಣ್ಣಿನಡಿಯ ಜಿಪ್ಸಂ ಪದರ ಅದನ್ನು ಇಂಗಲು ಬಿಟ್ಟಿರಲಿಲ್ಲ.

ಕ್ಯಾಂಪಿನ ರಾತ್ರಿ

ಮಳೆಯ ನಂತರ ಚಳಿ ಕಚ್ಚುತ್ತದೆ. ಟೆಂಟ್ ಬದಲು ಗೋಡೆಯಿರುವ ಕೋಣೆ ಇದ್ದರೆ ಕೇಳಿ ಪಡೆಯಿರಿ. ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆಯಾಗದಂತೆ ಇಟ್ಟುಕೊಳ್ಳಿ. ಇದ್ದಿಲ ಶೇಗಡಿಯನ್ನು ಟೆಂಟಿನೊಳಗೆ ತರಿಸಬೇಡಿ, ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ, ಒಳಗೆ ಚೇಳು ಇರಬಹುದು.

ಸೂರ್ಯ ಹುಟ್ಟುವ ಮೊದಲೇ ಗೈಡ್‌ನನ್ನು ಎಬ್ಬಿಸಿ. ಧೂಳು ತೊಳೆದುಹೋಗಿ ದೂರದವರೆಗೆ ಕಾಣುತ್ತದೆ. ಒದ್ದೆ ಮರಳಿನ ಮೇಲೆ ಜೀರುಂಡೆ, ನರಿಯ ಹೆಜ್ಜೆಗಳು ಅಚ್ಚು ಹಾಕಿದಂತೆ ಉಳಿದಿರುತ್ತವೆ. ಜೀಪುಗಳು ಓಡಾಡಲು ಶುರುವಾದರೆ ಅವೆಲ್ಲ ಅಳಿಸಿಹೋಗುತ್ತವೆ.

ಹೊರಡುವಾಗ ರದ್ದಾದ ಸವಾರಿಯ ಹಣ ಬಿಲ್ಲಿನಲ್ಲಿ ಕಳೆದಿದ್ದಾರಾ ನೋಡಿ. ಸುಮ್ನೆ ಕಾದು ಕೂತ ಒಂಟೆಯವನಿಗೆ ಒಂದಿಷ್ಟು ಹಣ ನೇರವಾಗಿ ಕೈಗೇ ಕೊಡಿ. ಮಳೆಯ ದಿನ ಅವನಿಗೆ ಬೇರೆ ಗಿರಾಕಿ ಸಿಗುವುದು ಕಷ್ಟ.